ಸುರಂಗ ತೋಡಿದ ಮಣ್ಣು ಎಲ್ಲಿ?

ಕೋಲಾರದ ಹೊರವಲಯದ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಪೋಡಿ ಅಳತೆ, ಅಂದರೆ ಜಮೀನು ಪಾಲು ಮಾಡುವ ಸರ್ವೆ. ಹಳೆಯ ಅಳತೆಯ ಟಿಪ್ಪಣಿ ಹಿಡಿದು ಗಡಿಯ ಬಾಂದು ಕಲ್ಲು ಹುಡುಕುತ್ತಿದ್ದೆ. ಕಲ್ಲು ಇರಬೇಕಾದ ಕಡೆ ಹಾರೆ ಹಾಕಿಸಿದರೆ ಠಣ್ ಎಂದಿತು. ಗೇಣುದ್ದ ಮಣ್ಣು ಸರಿಸಿ ನೋಡಿದರೆ ಕಲ್ಲಲ್ಲ, ಕಾಂಕ್ರೀಟು. ಹತ್ತು ಹೆಜ್ಜೆ ಆಚೆಯೂ ಅದೇ. "ನಮ್ಮ ತಾತ ಇದನ್ನ ಇಮಾನದ ಬೈಲು ಅಂತಿದ್ದ" ಎಂದ ಅಣ್ಣ. ತಮ್ಮನ ಚಿಂತೆ ಬೇರೆ: ಈ ಹಾಸು ಯಾರ ಪಾಲಿಗೆ?

ಭೂಮಾಪಕನಾಗಿ ಈ ಸೀಮೆಯಲ್ಲಿ ಅಳತೆಯ ಸಂಕಲೆ ಎಳೆಯುತ್ತಾ ಬಂದ ನನಗೆ ಎರಡನೇ ಮಹಾಯುದ್ಧದ ಕಾಲದ ಪಳೆಯುಳಿಕೆಗಳು ಎದುರಾಗಿದ್ದೆಲ್ಲ ಹೀಗೆಯೇ, ಜಗಳದ ಜಮೀನಿನಲ್ಲಿ. ಈಚೆಗೆ ಹುಡುಗರು ಭಾನುವಾರ ಬಂತೆಂದರೆ ಬೈಕೇರಿ ಸುರಂಗ ಹುಡುಕಲು ಹೊರಡುತ್ತಾರೆ. ಹೋಗಲಿ, ಒಳ್ಳೆಯದೇ. ಆದರೆ ಕಾಲ ಕೆಳಗಿರುವ ರನ್‌ವೇ ದಾಟಿಕೊಂಡು ಇಲ್ಲದ ಸುರಂಗಕ್ಕೆ ಹೋಗುತ್ತಾರಲ್ಲ, ಅದು ನೋಡಲಾಗುವುದಿಲ್ಲ.

ಕೋಲಾರಕ್ಕೆ ವಿಮಾನ ಏಕೆ ಬಂತು? 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು, ಮಾರ್ಚ್‌ನಲ್ಲಿ ರಂಗೂನ್. ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿದರು. ಕರಾವಳಿಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಒಳಗಿರುವ, ಕೆಸರು ಕಟ್ಟದ ಗಟ್ಟಿ ನೆಲದ, ವರ್ಷದ ಬಹುಪಾಲು ಆಕಾಶ ತಿಳಿಯಾಗಿರುವ ಬಯಲುಸೀಮೆ ವೈಮಾನಿಕರ ತರಬೇತಿಗೆ ಹೇಳಿ ಮಾಡಿಸಿದ ಹಾಗಿತ್ತು. ಯಲಹಂಕದಲ್ಲಿ ಮರದ ಮೈಯ ಮಸ್ಕಿಟೊ ವಿಮಾನಗಳ ತರಬೇತಿ ನಡೆದರೆ, ಕೋಲಾರದಲ್ಲಿ ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರುಗಳದ್ದು. ಅದಕ್ಕೆಂದೇ ಇಲ್ಲಿದ್ದ 1673ನೇ ತರಬೇತಿ ಘಟಕವನ್ನೇ ಬುನಾದಿಯಾಗಿಟ್ಟುಕೊಂಡು 1944ರ ನವೆಂಬರ್ 8ರಂದು ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಕೋಲಾರದಲ್ಲೇ ಹುಟ್ಟಿತು. ಬಾಂಬು ಹಾಕಲು ಹುಟ್ಟಿದ ಈ ದಳ ಮುಂದೆ ಬಂಗಾಳದ ಜೆಸ್ಸೋರಿಗೆ ಹೋಗಿ, ಬರ್ಮಾ, ಥಾಯ್ಲೆಂಡ್ ಕಾಡುಗಳಲ್ಲಿ ರಾತ್ರೋರಾತ್ರಿ ಗೂಢಚಾರರನ್ನೂ ಸರಕನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸ ಮಾಡಿತು. ನಮ್ಮ ಊರಿನ ಹೆಸರು ಯಾವುದೋ ದೇಶದ ದಾಖಲೆಯಲ್ಲಿ ಜನ್ಮಸ್ಥಳವೆಂದು ಕೂತಿದೆ. ನಮ್ಮಲ್ಲಿ ಚಿನ್ನ, ರೇಷ್ಮೆ, ಟೊಮೆಟೊ ಬಿಟ್ಟು ಈ ಮಾತು ಎತ್ತುವವರಿಲ್ಲ.

ಲೆಕ್ಕಕ್ಕೆ ಬರೋಣ. ಭಾರಿ ಬಾಂಬರುಗಳ ನೆಲೆಗೆ ಬ್ರಿಟಿಷರು ಇಟ್ಟುಕೊಂಡಿದ್ದ ಮಾದರಿ ರನ್‌ವೇ 2,000 ಗಜ ಉದ್ದ, 50 ಗಜ ಅಗಲ. ನಮ್ಮ 33 ಅಡಿಯ ಸಂಕಲೆಯಲ್ಲಿ ಅಗಲವೇ ನಾಲ್ಕೂವರೆ ಸಂಕಲೆ. ಗುಂಟೆಗೆ 121 ಚದರ ಗಜದಂತೆ ಹಿಡಿದರೆ ಒಂದು ಪಟ್ಟಿಗೇ 20 ಎಕರೆ 26 ಗುಂಟೆ. ಇದರ ಜೊತೆಗೆ ವಿಮಾನ ಓಡಾಡುವ ಟ್ಯಾಕ್ಸಿ ದಾರಿ, ನಿಲ್ಲುವ ಕಟ್ಟೆ, ಪೆಟ್ರೋಲು ಮತ್ತು ಮದ್ದಿನ ಉಗ್ರಾಣ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ನಮ್ಮಲ್ಲಿ ಗಾಳಿ ತೆಳು, ತುಂಬಿದ ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕು.

ದಿಕ್ಕನ್ನೂ ಗಾಳಿಯೇ ತೀರ್ಮಾನಿಸುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಎಚ್‌ಎಎಲ್, ಯಲಹಂಕ, ದೇವನಹಳ್ಳಿಯ ಹೊಸ ನಿಲ್ದಾಣ, ಮೂರರ ರನ್‌ವೇಗಳೂ ಪೂರ್ವ ಪಶ್ಚಿಮವಾಗಿ ಮಲಗಿರುವುದು ಅದಕ್ಕೇ. ಉಪಗ್ರಹ ಚಿತ್ರ ನೋಡುವವರು ಮೊದಲು ಆ ದಿಕ್ಕಿನ ನೇರ ಗೆರೆ ಹುಡುಕಲಿ. ನೀಲಗಿರಿ ತೋಪು ಮುಚ್ಚಿದ್ದರೆ ಕಷ್ಟ. ಹೊಲವಾಗಿದ್ದರೆ ಸುಲಭ, ಮಳೆ ಕೈಕೊಟ್ಟ ವರ್ಷ ಹಾಸಿನ ಮೇಲಿನ ರಾಗಿ ಮೊದಲು ಬಾಡುತ್ತದೆ, ಬಾಡಿದ್ದು ಗೆರೆ ಎಳೆದಂತೆ ಕಾಣುತ್ತದೆ.

ನನಗೆ ತುಂಬ ಖುಷಿ ಕೊಟ್ಟಿದ್ದು ಒಂದು ಮಣ್ಣಿನ ಏರಿ. ಕುದುರೆ ಲಾಳದ ಆಕಾರ. ಊರವರು ಅದನ್ನು ಹಳೇ ಕುಂಟೆ ಎನ್ನುತ್ತಿದ್ದರು, ಪಹಣಿ ನೋಡಿದವರೂ ತಲೆಯಾಡಿಸುತ್ತಿದ್ದರು. ಆದರೆ ನೀರು ಹಿಡಿಯುವ ಏರಿ ಇಳಿಜಾರಿಗೆ ಅಡ್ಡವಾಗಿ ಕೂತಿರುತ್ತದೆ, ಬಾಯಿ ಮೇಲುಗಡೆಗೆ ತೆರೆದಿರುತ್ತದೆ. ಇದರ ಬಾಯಿ ಇಳಿಜಾರಿನ ಕಡೆಗಿತ್ತು. ತೂಬಿಲ್ಲ, ಕೋಡಿಯಿಲ್ಲ. ನೀರು ನಿಲ್ಲಿಸಲಾಗದ ಕುಂಟೆಯನ್ನು ಕೋಲಾರದವರು ಕಟ್ಟುತ್ತಾರೆಯೆ? ಅದು ವಿಮಾನದ ಲಾಯ. ಒಂದು ಬಾಂಬು ಬಿದ್ದರೆ ಎಲ್ಲ ವಿಮಾನಗಳೂ ಹೋಗಬಾರದೆಂದು ದೂರದೂರ ನಿಲ್ಲಿಸಿ ಸುತ್ತ ಮಣ್ಣು ಏರಿಸುತ್ತಿದ್ದರು. ಲಾಯದ ಬಾಯಿ ಯಾವಾಗಲೂ ಟ್ಯಾಕ್ಸಿ ದಾರಿಯ ಕಡೆಗೆ. ನೆಲದ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ರಾಜಕಾಲುವೆ. ಕೆರೆಯಿಂದ ಕೆರೆಗೆ ಹರಿಯುವ ಕಾಲುವೆ ನಮ್ಮ ಸೀಮೆಯಲ್ಲಿ ಹಾವಿನಂತೆ ಹೋಗುತ್ತದೆಯೇ ಹೊರತು ಮೂಲೆಮಟ್ಟ ಇಟ್ಟಂತೆ ತಿರುಗುವುದಿಲ್ಲ. ಹಾಗೆ ತಿರುಗಿದ್ದರೆ ಯಾರೋ ಎಂಜಿನಿಯರ್ ತಿರುಗಿಸಿದ್ದಾನೆ ಎಂದೇ ಅರ್ಥ.

ಕಾಂಕ್ರೀಟಿನ ವಯಸ್ಸು ತಿಳಿಯಲು ಒಡೆದ ಅಂಚು ಸಾಕು. ಒಳಗಿನ ಕಬ್ಬಿಣ ನುಣುಪಾದ ದುಂಡು ಸರಳಾಗಿದ್ದರೆ ಹಳೆಯದು. ತಿರುಚಿದ ಸರಳು ನಮ್ಮಲ್ಲಿ 1960ರ ದಶಕದ ನಂತರದ್ದು. ಜೆಲ್ಲಿ ಒಂದೇ ಅಳತೆಯದ್ದಾಗಿರದೆ ದಪ್ಪದಪ್ಪ ಬೆರೆತಿದ್ದರೆ ಕೈಯಲ್ಲಿ ಒಡೆದದ್ದು. ಆ ಜೆಲ್ಲಿಯನ್ನು ಮಂಕರಿಯಲ್ಲಿ ಹೊತ್ತವರ ಹೆಸರು ಯಾವ ಸ್ಕ್ವಾಡ್ರನ್ ಪುಸ್ತಕದಲ್ಲೂ ಇಲ್ಲ.

ಈಗ ಸುರಂಗ. ಒಂದು ಬೆಳಿಗ್ಗೆ ಫೋನು: "ಸಾರ್, ಸುರಂಗ ಸಿಕ್ಕೈತೆ, ಬ್ಯಾಟ್ರಿ ತಗೊಂಡ್ ಬನ್ನಿ." ಹೋದೆ. ಲಂಟಾನದ ಪೊದೆ ಕಡಿದು ಬಾಯಿ ಬಿಡಿಸಿದ್ದರು. ಮೂರಡಿ ಅಗಲದ ಹ್ಯೂಮ್ ಪೈಪು, ಒಳಗೆ ಬಾವಲಿ, ಅರ್ಧದಷ್ಟು ಹೂಳು. ಹಾಸಿನ ಆಚೆ ಬದಿಗೆ ನಡೆದು ಅದೇ ನೇರಕ್ಕೆ ಪೊದೆ ಸರಿಸಿದರೆ ಇನ್ನೊಂದು ಬಾಯಿ. ಇಳಿಜಾರಿಗೆ ಅಡ್ಡವಾಗಿ ಕಾಂಕ್ರೀಟು ಹಾಸಿದರೆ ಮೇಲಿನ ನೀರಿಗೆ ದಾರಿ ಬೇಕಲ್ಲ, ಅದಕ್ಕೆ ಹಾಕಿದ ಮೋರಿ. ಹುಡುಗರ ಮುಖ ನೋಡಿ ಮೋರಿ ಎನ್ನಲು ನನಗೇ ಮನಸ್ಸಾಗಲಿಲ್ಲ.

ಕೆಜಿಎಫ್ ಗಣಿಯ ಸರ್ವೆಯಲ್ಲಿ ದುಡಿದ ಹಿರಿಯರೊಬ್ಬರು ಯಾವ ಸುರಂಗದ ಮಾತು ಬಂದರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ತೋಡಿದ ಮಣ್ಣು ಎಲ್ಲಿ? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅದರ ಗುರುತಾಗಿ ಮೂರು ಕೋಟಿ ಟನ್‌ಗೂ ಮೀರಿದ ಸಯನೈಡ್ ದಿಬ್ಬಗಳು ಇವತ್ತಿಗೂ ಊರ ಮೇಲೆ ಧೂಳು ಸುರಿಸುತ್ತಿವೆ. ದೇವನಹಳ್ಳಿ ಕೋಟೆಯಿಂದ ನಂದಿಬೆಟ್ಟಕ್ಕೆ ಟಿಪ್ಪುವಿನ ಸುರಂಗವಿದೆ ಎಂಬ ಮಾತು ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ. ನೇರ ದೂರ ಸುಮಾರು 14 ಕಿಲೋಮೀಟರ್. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದಲ್ಲಿ ಬಗ್ಗಿ ನಡೆಯುವ ದಾರಿ ಎಂದುಕೊಂಡರೂ 21,000 ಘನ ಮೀಟರ್ ಬಂಡೆ ಹೊರಬರಬೇಕು, ತೂಕದಲ್ಲಿ 50,000 ಟನ್‌ಗೂ ಮೇಲೆ. ಆ ಗುಡ್ಡ ಎಲ್ಲಿ? ಉಸಿರಾಡಲು ಗಾಳಿಕಿಂಡಿ ಎಲ್ಲಿ? 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗ ಹಿಡಿದಾಗ ಫಿರಂಗಿಯಿಂದ ಗೋಡೆ ಒಡೆದು ಒಳನುಗ್ಗಿತು. ಅಂಥ ದಾರಿ ಇದ್ದಿದ್ದರೆ ಕೋಟೆಯೊಳಗಿನವರು ಅಂದು ರಾತ್ರಿ ಅದನ್ನು ಬಳಸದೆ ಬಿಡುತ್ತಿದ್ದರೆ?

ಮಧುಗಿರಿ, ಮಿಡಿಗೇಶಿ, ಗುಡಿಬಂಡೆ ಕಡೆ ತೋರಿಸುವ ಸುರಂಗಗಳಲ್ಲಿ ನಾನು ಕಂಡಿದ್ದು ದಿಡ್ಡಿ ಬಾಗಿಲು, ಮದ್ದಿನ ಮನೆ, ಕಣಜ, ಬಂಡೆಯಲ್ಲಿ ನೀರು ನಿಲ್ಲುವ ದೊಣೆ. ಅಂತರಗಂಗೆಯ ಗುಹೆಗಳಂತೂ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಒರಗಿ ಆದ ಸಂದುಗಳು. ಅವನ್ನು ಜ್ವಾಲಾಮುಖಿ ಮಾಡಿದ್ದೆಂದು ಬರೆಯುವವರು ಕಲ್ಲನ್ನೊಮ್ಮೆ ಮುಟ್ಟಿ ನೋಡಲಿ.

ಹೊರಡುವವರಿಗೆ ಎರಡು ಮಾತು. ಕೆಜಿಎಫ್‌ನ ಮುಚ್ಚಿದ ಗಣಿಬಾಯಿಗಳ ಹತ್ತಿರ ಬೇಡವೇ ಬೇಡ. ತುಕ್ಕು ಹಿಡಿದ ಲೋಹದ ಉಂಡೆಯೋ ಕೊಳವೆಯೋ ಸಿಕ್ಕರೆ ಎತ್ತಬೇಡಿ, ಪೊಲೀಸರಿಗೆ ಹೇಳಿ. ರಕ್ಷಣಾ ಇಲಾಖೆಯ ಬೋರ್ಡು ಕಂಡರೆ ಅಲ್ಲಿಂದಲೇ ತಿರುಗಿ.

ಅಣ್ಣತಮ್ಮಂದಿರ ಪೋಡಿ ಅಂದೇ ಮುಗಿಯಲಿಲ್ಲ. ಉಳುಮೆಗೆ ಬಾರದ ಹಾಸು ನನಗೆ ಬೇಡವೆಂದು ಇಬ್ಬರೂ ಹಟ ಹಿಡಿದಿದ್ದರು. ಸುಗ್ಗಿ ಕಳೆದು ಜನವರಿಯಲ್ಲಿ ಮತ್ತೆ ಹೋದಾಗ ಅದರ ಮೇಲಿನ ಮಣ್ಣು ಕೆರೆದು, ಗುಡಿಸಿ, ರಾಗಿ ಹರವಿದ್ದರು. ಟ್ರ್ಯಾಕ್ಟರ್ ಸುತ್ತು ಹಾಕುತ್ತಿತ್ತು. "ಡಾಂಬರ್ ರೋಡಲ್ಲಿ ಹಾಕಿದ್ರೆ ಬೈತಾರೆ ಸಾರ್, ಇಲ್ಲಿ ಕಲ್ಲು ಬೆರೆಯಲ್ಲ, ಇಬ್ಬನಿನೂ ಬೇಗ ಆರುತ್ತೆ" ಎಂದಳು ದೊಡ್ಡ ಸೊಸೆ. ಈಗ ಹಾಸು ನನಗೇ ಬೇಕೆಂದು ಇಬ್ಬರ ಹಟ. ಕೊನೆಗೆ ನಕ್ಷೆಯಲ್ಲಿ ಅದನ್ನು ಜಂಟಿ ಕಣ ಎಂದು ಬಿಟ್ಟು, ಅದರ ಅಂಚಿಗೆ ಹೊಸ ಬಾಂದು ಕಲ್ಲು ನೆಡಿಸಿ ಬಂದೆ.