ಮಣ್ಣೂ 87 ಪಟ್ಟು ಸಣ್ಣದಾಗಬೇಕು

ರೈಲಿನ ಪುಟ್ಟ ಪ್ಲಾಸ್ಟಿಕ್ ಮಾಡೆಲ್‌ಗೆ ಹಳೆಯ ಗಾಡಿಯ ಧೂಳು, ತುಕ್ಕಿನ ಕಳೆ ಕೊಡಬೇಕೇ? ಹೊಸಪೇಟೆ ಕಡೆಯ ಅದಿರು ಹೊತ್ತು ಸವೆದ ಬಾಕ್ಸ್‌ಎನ್ (ಮೇಲೆ ತೆರೆದಿರುವ ಸರಕು) ವ್ಯಾಗನ್ ಗದಗ ಜಂಕ್ಷನ್ನಿನಲ್ಲಿ ನಿಂತಿದ್ದರೆ ಮೈ ಸರಿಯಾಗಿ ನೋಡಿ. ಅಲ್ಲಿ ಎರಡು ಥರದ ಕೆಂಪು ಇರುತ್ತದೆ. ಹೆಮಟೈಟ್ ಅದಿರಿನ ಧೂಳು ಮಂಕು ಕೆಂಪು. ಬಾಗಿಲ ಸಂದಿಯಲ್ಲಿ, ಅಡ್ಡಪಟ್ಟಿಗಳ ಮೇಲೆ ಕೂತಿರುತ್ತದೆ. ತುಕ್ಕಿಗೆ ಕಿತ್ತಳೆ, ಕಂದು ಛಾಯೆ. ಬಣ್ಣ ಕಿತ್ತಲ್ಲಿ ಹುಟ್ಟಿ ಮಳೆನೀರಿನ ಜಾಡು ಹಿಡಿದು ಕೆಳಗಿಳಿಯುತ್ತದೆ. ಮಾಡೆಲ್‌ನಲ್ಲಿ ಎರಡಕ್ಕೂ ಒಂದೇ ಬಣ್ಣ ಬಳಿದರೆ ಗಾಡಿ ಹಳೆಯದಾಗಿ ಕಾಣದು, ಬರೀ ಹೊಲಸಾಗಿ ಕಾಣುತ್ತದೆ.

ಈ ವ್ಯಾಗನ್ನಿನ ಉದ್ದ 10.7 ಮೀಟರ್. 1:87 ಅಳತೆಯಲ್ಲಿ ಅದು 12.3 ಸೆಂ.ಮೀ. ಮಣ್ಣು ಮಾತ್ರ ತಾನಾಗಿ ಕುಗ್ಗುವುದಿಲ್ಲ: 0.1 ಮಿ.ಮೀ. ಮರಳಿನ ಕಣ ಆ ಲೋಕದಲ್ಲಿ ಸುಮಾರು 9 ಮಿ.ಮೀ. ಜಲ್ಲಿ! ಹಾಗಾಗಿ ಹೊಲದ ಮಸಾರಿ ಕೆಂಪು ಮಣ್ಣನ್ನೋ ಎರೆಮಣ್ಣನ್ನೋ ನೇರವಾಗಿ ಉದುರಿಸಬೇಡಿ. ಎರಡು ಚಮಚ ಮಣ್ಣನ್ನು ಒಂದು ಗ್ಲಾಸ್ ನೀರಲ್ಲಿ ಕದಡಿ ಒಂದು ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ರಾಡಿ ನೀರನ್ನಷ್ಟೇ ತಟ್ಟೆಗೆ ಬಗ್ಗಿಸಿ, ಬಿಸಿಲಲ್ಲಿ ಒಣಗಿಸಿ, ಅರೆದು, ತೆಳು ಅರಿವಿಯಲ್ಲಿ ಜರಡಿ ಹಿಡಿಯಿರಿ. ಎರೆಮಣ್ಣು ಹಸಿಯಿದ್ದಾಗ ಕಪ್ಪು, ಒಣಗಿದರೆ ಬೂದು. ಹಚ್ಚುವಾಗ ಕಂಡ ಬಣ್ಣವನ್ನು ನಂಬಬೇಡಿ.

ಧೂಳಿನ ಸರದಿ ಕೊನೆಗೆ. ಮೊದಲು ಬಿಡಿಭಾಗಗಳನ್ನು ಸೋಪಿನ ನೀರಲ್ಲಿ ತೊಳೆದು ಅಚ್ಚಿನ ಜಿಡ್ಡು ಬಿಡಿಸಿ, 0.3 ಮಿ.ಮೀ. ನಾಝಲ್ಲಿನ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ), 15–20 ಪಿಎಸ್‌ಐ ಒತ್ತಡದಲ್ಲಿ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹೊಡೆಯಿರಿ. ಅದರ ಮೇಲೆ ಹೊಳಪಿನ ವಾರ್ನಿಶ್. ಒಂದು ದಿನ ಒಣಗಲಿ. ಆಮೇಲೆ ಒಂದು ಪಾಲು ಆಯಿಲ್ ಪೇಂಟಿಗೆ ಹತ್ತು ಪಾಲು ವೈಟ್ ಸ್ಪಿರಿಟ್ (ಆಯಿಲ್ ಪೇಂಟ್ ತೆಳುವಾಗಿಸುವ ದ್ರಾವಕ) ಬೆರೆಸಿದ ವಾಶ್, ಅಂದರೆ ನೀರಿನಷ್ಟು ತೆಳು ಬಣ್ಣ. ನುಣುಪು ಮೈಮೇಲೆ ಅದು ಸರಾಗ ಹರಿದು ರಿವೆಟ್ಟಿನ ಬುಡ ಸೇರುತ್ತದೆ. ಒರಟು ಮೈ ಅದನ್ನು ಇದ್ದಲ್ಲೇ ಹೀರಿಕೊಂಡು ಕಲೆಯಾಗುತ್ತದೆ. ಅರ್ಧ ಗಂಟೆಯ ನಂತರ ಸ್ಪಿರಿಟ್ ಸೋಕಿಸಿದ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ಮಳೆಯ ಗೆರೆಗಳು ಮೂಡುತ್ತವೆ.

ಒಣಗಿದ ಅಕ್ರಿಲಿಕ್ಕನ್ನು ವೈಟ್ ಸ್ಪಿರಿಟ್ ಕರಗಿಸುವುದಿಲ್ಲ. ಈ ಕ್ರಮದ ಗುಟ್ಟು ಅಷ್ಟೇ. ಗ್ಯಾರೇಜಿನಲ್ಲಿ ಗಾಡಿಯ ಬಣ್ಣಕ್ಕೆ ಬೆರೆಸುವ ಎನ್‌ಸಿ ಥಿನ್ನರ್ ಹಾಗಲ್ಲ, ಮಾಡೆಲ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತದೆ. ಸ್ಪಿರಿಟ್ಟನ್ನೂ ಧಾರಾಳವಾಗಿ ಸುರಿಯಬೇಡಿ. ಬಿಗಿದು ಅಂಟಿಸಿದ ಕೀಲುಗಳಲ್ಲಿ ಅದು ನಿಂತರೆ ಪ್ಲಾಸ್ಟಿಕ್ ಬಿರಿಯುತ್ತದೆ.

ಇನ್ನು ಹೊಳಪು ಅಡಗಿಸುವ ಮ್ಯಾಟ್ ವಾರ್ನಿಶ್. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ (ಬೇಗ ಆರುವ ದ್ರಾವಕದ ವಾರ್ನಿಶ್) ಹೊಡೆದರೆ ಹಾಲಿನಂಥ ಬಿಳಿ ಪೊರೆ ಕಟ್ಟುತ್ತದೆ. ದ್ರಾವಕ ಭರ್ರನೆ ಆರಿ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಹೊಳವಾಗುವ ತನಕ ಕಾಯುವುದೇ ಸರಿ. ಗದಗದ ಏಪ್ರಿಲ್ ಮಧ್ಯಾಹ್ನದ್ದು ಇದರ ತದ್ವಿರುದ್ಧ ತೊಂದರೆ: ಅಕ್ರಿಲಿಕ್ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ತರಿತರಿಯಾಗುತ್ತದೆ. ಏರ್‌ಬ್ರಷ್ಷನ್ನು 8–10 ಸೆಂ.ಮೀ. ಹತ್ತಿರ ತನ್ನಿ, ಬಣ್ಣ ಒಣಗುವುದನ್ನು ನಿಧಾನವಾಗಿಸುವ ರಿಟಾರ್ಡರ್ ಎರಡು ಹನಿ ಸೇರಿಸಿ.

ಧೂಳನ್ನು ಒಣ ಬ್ರಷ್‌ನಿಂದ ಹಚ್ಚಿ, ಅಂಚಿಗೆ ಒಂದು ಹನಿ ಪಿಗ್ಮೆಂಟ್ ಫಿಕ್ಸರ್ (ಪುಡಿಯನ್ನು ಹಿಡಿದಿಡುವ ದ್ರವ) ತಾಗಿಸಿ. ತಾನೇ ಒಳಗೆ ಹರಿಯುತ್ತದೆ. ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಕಣಗಳ ನಡುವಿನ ಗಾಳಿಯ ಜಾಗ ತುಂಬಿ ಅರ್ಧ ಧೂಳು ಮಾಯ. ಗಾಲಿಯ ಹಳಿ ತಾಗುವ ಮೈಗೆ ಬಣ್ಣವೂ ಬೇಡ, ಧೂಳೂ ಬೇಡ: ನಿಜವಾದ ಗಾಲಿ ಅಲ್ಲಿ ಉಜ್ಜಿ ಹೊಳೆಯುತ್ತದೆ, ಮಾಡೆಲ್ ಓಡಿಸುವವರಿಗಂತೂ ಅಲ್ಲಿನ ಕೊಳೆಯೆಲ್ಲ ಹಳಿಗೆ ಮೆತ್ತಿಕೊಂಡು ಎಂಜಿನ್ನಿಗೆ ಕರೆಂಟೇ ಸಿಗದಂತಾಗುತ್ತದೆ.