ಒಂದೇ ಕಾಂಪೌಂಡು, ಎರಡು ಸೆಕ್ಷನ್: ಕಾನ್ವೆಂಟ್ ಹೈಸ್ಕೂಲಿನ ಕನ್ನಡ ಮಾಧ್ಯಮ ಸೊರಗಿದ ಬಗೆ

ಜೂನ್ ಬಂತೆಂದರೆ ದಾವಣಗೆರೆಯಲ್ಲಿ ಈ ಮಾತು ಏಳುತ್ತದೆ. ಎಂಟನೇ ಕ್ಲಾಸಿಗೆ ಕನ್ನಡ ಮಾಧ್ಯಮದ ಸೀಟು ಕೇಳಲು ಕಾನ್ವೆಂಟಿಗೆ ಹೋದವರು 'ಈ ವರ್ಷ ಆ ಸೆಕ್ಷನ್ ಇಲ್ಲ' ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಯಾಕಂತೆ ಎಂದು ಕೇಳಿದರೆ ಒಬ್ಬರು ಸುಪ್ರೀಂ ಕೋರ್ಟ್ ತೀರ್ಪು ಎನ್ನುತ್ತಾರೆ, ಇನ್ನೊಬ್ಬರು ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಎನ್ನುತ್ತಾರೆ. ಅದು ಅಲ್ಪಸಂಖ್ಯಾತರ ಶಾಲೆ, ಅವರಿಗೆ ರೂಲ್ಸೇ ಬೇರೆ ಎನ್ನುವವರೂ ಇದ್ದಾರೆ. ಮೂರೂ ಅರ್ಧರ್ಧ ನಿಜ. ಅದಕ್ಕೇ ಇಷ್ಟು ಗೋಜಲು.

ಹಳೆಯದನ್ನು ಬೇಗ ಹೇಳಿಬಿಡೋಣ. 1988ರಿಂದ ದಾವಣಗೆರೆ, ಚಿತ್ರದುರ್ಗದ ಕಥೋಲಿಕ ಚರ್ಚುಗಳು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಶಾಲೆಯ ಫೈಲುಗಳೆಲ್ಲ ಚಿತ್ರದುರ್ಗಕ್ಕೇ ಹೋಗಬೇಕಿತ್ತು. ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್‌ನಲ್ಲಿ ಎಲ್ಲ ಜಾತಿಯವರೂ ಹೋಗುವ ಹಾಗೆ, ಈ ಶಾಲೆಗಳಿಗೂ ಎಲ್ಲ ಮನೆಗಳ ಮಕ್ಕಳೂ ಬಂದರು. ಕ್ರೈಸ್ತ ಮಕ್ಕಳು ಒಂದು ಕ್ಲಾಸಿನಲ್ಲಿ ಬೆರಳೆಣಿಕೆಯಷ್ಟು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗ, ಹತ್ತಿ ಗಿರಣಿ ನೌಕರರ ಮಗಳು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲೇ ವಿಜ್ಞಾನ ಓದಿದ್ದೂ ಇಂಥ ಕಡೆಯೇ.

1982ರ ಗೋಕಾಕ್ ಚಳವಳಿಯನ್ನು ಈ ಕಥೆಯ ಆರಂಭ ಎಂದು ಹಲವರು ಭಾವಿಸುತ್ತಾರೆ. ಪೂರ್ತಿ ಸರಿಯಲ್ಲ. ವಿ.ಕೃ. ಗೋಕಾಕರ ಸಮಿತಿಯ ವರದಿ ಬಂದದ್ದು 1981ರಲ್ಲಿ. ಮರುವರ್ಷ ರಾಜಕುಮಾರ್ ಬೀದಿಗಿಳಿದರು, ಊರೂರಿನಲ್ಲಿ ಜನ ಸೇರಿದರು. ಆದರೆ ಆ ಜಗಳ ಇದ್ದದ್ದು ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಾಗಬೇಕು ಎಂಬ ಬಗ್ಗೆ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಪ್ರಥಮ ಭಾಷೆಯದ್ದು ಅಲ್ವಾ, ಆ ಜಾಗದ ಪ್ರಶ್ನೆ ಅದು. ಗಣಿತ, ಸಮಾಜ ಯಾವ ಭಾಷೆಯಲ್ಲಿ ಪಾಠವಾಗಬೇಕು ಎನ್ನುವುದು ಬೇರೆಯೇ ಸಂಗತಿ. ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ಓದುವ ಮಕ್ಕಳು ಇವತ್ತೂ ಇದೇ ಕಾನ್ವೆಂಟುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ.

ಗಂಟು ಬಿದ್ದದ್ದು 1994-95ರ ಶಾಲಾ ವರ್ಷದಲ್ಲಿ. ಏಪ್ರಿಲ್ 29ಕ್ಕೆ ಸರ್ಕಾರದ ಭಾಷಾ ನೀತಿಯ ಆದೇಶ ಬಂತು: ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ. ಶಾಲೆ ಶುರುವಾಗಲು ಉಳಿದದ್ದು ಹೆಚ್ಚೂಕಡಿಮೆ ಒಂದು ತಿಂಗಳು. ಹೊಸದಾಗಿ ಪ್ರೈಮರಿ ತೆರೆಯಬೇಕು ಎನ್ನುವವರಿಗೆ ಕನ್ನಡ ಮಾಧ್ಯಮ ಎಂದು ಬರೆದುಕೊಡದೆ ಬೇರೆ ದಾರಿ ಇರಲಿಲ್ಲ. ಬರೆದುಕೊಟ್ಟರು. ಅನುಮತಿಯೂ ಸಿಕ್ಕಿತು.

ಆಮೇಲೆ ನಡೆದದ್ದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಬೋರ್ಡಿನ ಮೇಲೆ 'ಕನ್ನಡ ಮಾಧ್ಯಮ', ಒಳಗೆ ಇಂಗ್ಲಿಷ್ ಪಾಠ. ದಾಖಲಾತಿ ರಿಜಿಸ್ಟರ್, ಟಿಸಿ ಎಲ್ಲದರಲ್ಲೂ ಮಾಧ್ಯಮದ ಕಾಲಂನಲ್ಲಿ ಕನ್ನಡ. ಕನ್ನಡದ ಪಠ್ಯಪುಸ್ತಕದ ಕಟ್ಟು ಬೀರುವಿನಲ್ಲಿ ಬಿಚ್ಚದೆ ಕೂತಿರುತ್ತಿತ್ತು. ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದರೆ ಮಕ್ಕಳ ಬ್ಯಾಗಿನ ಇಂಗ್ಲಿಷ್ ಪುಸ್ತಕ ಒಳಗೆ, ಬೀರುವಿನದು ಡೆಸ್ಕಿನ ಮೇಲೆ. ಸಾಹೇಬರಿಗೂ ಗೊತ್ತು. ಅವರ ಮಕ್ಕಳೂ ಎಲ್ಲೋ ಒಂದು ಕಡೆ ಹೀಗೇ ಓದುತ್ತಿದ್ದರಲ್ಲ! ಇದು ಕಾನ್ವೆಂಟುಗಳ ಕಥೆ ಮಾತ್ರ ಅಲ್ಲ. ಮಠದವರು, ಟ್ರಸ್ಟಿನವರು, ಬಡಾವಣೆಯ ಬಾಡಿಗೆ ಮನೆಯಲ್ಲಿ ಶಾಲೆ ತೆರೆದವರು, ಎಲ್ಲರ ಹಾದಿಯೂ ಇದೇ. 2006ರಲ್ಲಿ ಸರ್ಕಾರ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟಾಗಲೇ ಈ ಗುಟ್ಟು ಎಷ್ಟು ದೊಡ್ಡದು ಎಂದು ಲೆಕ್ಕಕ್ಕೆ ಸಿಕ್ಕಿದ್ದು.

2008ರ ಜುಲೈನಲ್ಲಿ ಹೈಕೋರ್ಟ್ ಹೇಳಿದ್ದನ್ನು ಗಮನವಿಟ್ಟು ಓದಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ನೀತಿ ಸರಿ. ಅನುದಾನ ಪಡೆಯದ ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ. ನನ್ನ ಪ್ರಕಾರ ಕನ್ನಡ ಸೆಕ್ಷನ್ನಿಗೆ ಪೆಟ್ಟು ಬಿದ್ದದ್ದು ಈ ಸೀಳಿನಲ್ಲೇ. ತೀರ್ಪು ಪ್ರೈಮರಿಯದ್ದು, ನಿಜ. ಆದರೆ ಇಂಗ್ಲಿಷಿನಲ್ಲಿ ಏಳು ವರ್ಷ ಓದಿ ಬಂದ ಮಗು ಎಂಟನೇ ಕ್ಲಾಸಿನಲ್ಲಿ ಕನ್ನಡ ಮಾಧ್ಯಮ ಯಾಕೆ ಕೇಳುತ್ತದೆ?

ಹೀಗೆ ಒಂದೇ ಕಾಂಪೌಂಡಿನೊಳಗೆ ಎರಡು ಹೈಸ್ಕೂಲು. ಒಂದು ಅನುದಾನಿತ ಕನ್ನಡ ಸೆಕ್ಷನ್: ಫೀಸು ಕಡಿಮೆ, ಮೇಷ್ಟ್ರ ಸಂಬಳ ಸರ್ಕಾರದ್ದು. ಇನ್ನೊಂದು ಅನುದಾನ ಇಲ್ಲದ ಇಂಗ್ಲಿಷ್ ಸೆಕ್ಷನ್: ಫೀಸಿನಲ್ಲೇ ಎಲ್ಲ ನಡೆಯಬೇಕು. ಕನ್ನಡ ಸೆಕ್ಷನ್ನಿನ ಗಣಿತದ ಮೇಷ್ಟ್ರು ರಿಟೈರ್ ಆದರೆ ಆ ಹುದ್ದೆ ತುಂಬಲು ಇಲಾಖೆಯ ಒಪ್ಪಿಗೆ ಬೇಕು, ಅದರ ಹಿಂದೆ ಹಣಕಾಸು ಇಲಾಖೆಯದ್ದು. 2015ರ ಕೊನೆಯವರೆಗೆ ಖಾಲಿಯಾದ ಹುದ್ದೆಗಳಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಖಾಲಿಯಾದವು ವರ್ಷಗಟ್ಟಲೆ ಹಾಗೇ ಉಳಿದವು. ಮೇಷ್ಟ್ರಿಲ್ಲ ಅಂತ ಮಕ್ಕಳು ಬರಲಿಲ್ಲ, ಮಕ್ಕಳಿಲ್ಲ ಅಂತ ಮೇಷ್ಟ್ರು ಬರಲಿಲ್ಲ. ಸಂಖ್ಯೆ ತೀರಾ ಇಳಿದರೆ ಅನುದಾನಕ್ಕೇ ಕುತ್ತು. ಆಡಳಿತ ಮಂಡಳಿ ಸೆಕ್ಷನ್ ಮುಚ್ಚಿತು ಎನ್ನುವುದು ಸುಲಭ. ಅದನ್ನು ಉಳಿಸಿಕೊಳ್ಳಿ ಎಂದು ಯಾರಾದರೂ ಕೈ ಹಿಡಿದರಾ?

ಇನ್ನು 2014ರ ಮೇ 6. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಒಂದೇ ಪೀಠದಿಂದ ಒಂದೇ ದಿನ ಎರಡು ತೀರ್ಪು ಬಂದವು. ಜನ ಎರಡನ್ನೂ ಕಲಸಿಕೊಳ್ಳುವುದು ಅದಕ್ಕೇ. ಮೊದಲನೆಯದು ಕರ್ನಾಟಕದ ಭಾಷಾ ನೀತಿಯದ್ದು: ಪ್ರೈಮರಿಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದು ಎಂದು ಹೇಳಬೇಕಾದವರು ತಂದೆ ತಾಯಿ. ಎರಡನೆಯದು ಆರ್‌ಟಿಇಯದ್ದು: ಅಲ್ಪಸಂಖ್ಯಾತ ಶಾಲೆಗಳಿಗೆ, ಅನುದಾನ ಇರಲಿ ಬಿಡಲಿ, ಆ ಕಾಯ್ದೆ ಅನ್ವಯಿಸುವುದಿಲ್ಲ. ಆರ್‌ಟಿಇಯ ಪ್ರಕಾರ ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ ಬಿಡಬೇಕಾದ ಶೇ. 25 ಸೀಟು ಒಂದನೇ ಕ್ಲಾಸು, ಎಲ್‌ಕೆಜಿಯ ಲೆಕ್ಕ. ಎಂಟನೇ ಕ್ಲಾಸಿನ ಕನ್ನಡ ಸೆಕ್ಷನ್ನಿಗೂ ಅದಕ್ಕೂ ನೇರ ಸಂಬಂಧವೇ ಇಲ್ಲ. ಆದರೂ ಅಡ್ಮಿಷನ್ ಕೌಂಟರಿನ ಮುಂದೆ ಇವತ್ತಿಗೂ ಅದರದ್ದೇ ಜಗಳ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ವಿನಾಯಿತಿ ಸರಿಯೇ ಎಂದು ಅನುಮಾನ ಪಟ್ಟು ವಿಷಯವನ್ನು ದೊಡ್ಡ ಪೀಠದ ಕಡೆಗೆ ಕಳಿಸಿದ್ದಾರೆ. ಅಲ್ಲಿಗೆ ಆ ಅಧ್ಯಾಯವೂ ಮುಗಿದಿಲ್ಲ.

ನಡುವೆ 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಬಂತು. ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು ಎಂದಿತು. ಒಳ್ಳೆಯದೇ. ಕನ್ನಡ ಪಾಠದ ಮೇಷ್ಟ್ರಿಗೆ ಕೆಲಸ ಉಳಿಯಿತು, ಕನ್ನಡದಲ್ಲಿ ವಿಜ್ಞಾನ ಹೇಳುವ ಮೇಷ್ಟ್ರಿಗಲ್ಲ.

ಬೀರುವಿನ ಕಾಲದ ಒಂದು ಬಾಕಿ ಮಾತ್ರ ಇನ್ನೂ ನಡೆಯುತ್ತಿದೆ. ಸರ್ಕಾರಿ ನೇಮಕಾತಿಯಲ್ಲೂ ಸಿಇಟಿಯಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಶಾಲೆಯ ಸರ್ಟಿಫಿಕೇಟ್ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ಸರ್ಟಿಫಿಕೇಟ್ ಬರೆಯುವುದು ಹಳೆಯ ರಿಜಿಸ್ಟರ್ ನೋಡಿಕೊಂಡೇ.