ಮಯನ್ಮಾರ್‌ನಲ್ಲಿ ಫೇಸ್‌ಬುಕ್ ಬ್ಯಾನ್ ಮಾಡಿದ್ದು ಯಾರನ್ನ, ಬಿಟ್ಟಿದ್ದು ಏನನ್ನ

ದ್ವೇಷ ಹರಡೋರ ಅಕೌಂಟ್ ಕಿತ್ತಾಕಿದ್ರೆ ಸೋಷಿಯಲ್ ಮೀಡಿಯಾ ಸರಿಹೋಗುತ್ತೆ ಅನ್ನೋರು ಮಯನ್ಮಾರ್‌ನಲ್ಲಿ ಏನಾಯ್ತು ಅಂತ ಒಂದ್ಸಲ ನೋಡ್ಬೇಕು. 2018ರ ಆಗಸ್ಟ್ 27ಕ್ಕೆ ಫೇಸ್‌ಬುಕ್‌ನೋರು ಅಲ್ಲಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್‌ನ ಬ್ಯಾನ್ ಮಾಡಿದ್ರು, ಜೊತೆಗೆ 18 ಅಕೌಂಟು 52 ಪೇಜು ತೆಗೆದ್ರು, ಅವನ್ನ ಫಾಲೋ ಮಾಡ್ತಿದ್ದೋರು ಹೆಚ್ಚುಕಮ್ಮಿ 1.2 ಕೋಟಿ. ಆದ್ರೆ ಅಷ್ಟೊತ್ತಿಗೆ ಅಲ್ಲಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೊಹಿಂಗ್ಯಾ ಜನ 7 ಲಕ್ಷಕ್ಕೂ ಜಾಸ್ತಿ ಸೇನೆಯ ದಾಳಿಗೆ ಹೆದರಿ ಊರು ಮನೆ ಬಿಟ್ಟು ಬಾಂಗ್ಲಾದೇಶಕ್ಕೆ ಓಡಿಹೋಗಿ ಒಂದು ವರ್ಷ ಆಗಿತ್ತು.

ಇದರ ಬೇರು ಇರೋದು ಸಿಮ್ ಕಾರ್ಡಲ್ಲಿ. ಸೇನೆ ಆಳ್ತಿದ್ದ ಕಾಲದಲ್ಲಿ ಒಂದು ಸಿಮ್‌ಗೆ ನೂರಾರು ಡಾಲರ್ ಕೊಡಬೇಕಿತ್ತು, 2014ರಲ್ಲಿ ವಿದೇಶಿ ಕಂಪನಿಗಳು ಬಂದಿದ್ದೇ ತಡ ಅದು ಒಂದೂವರೆ ಡಾಲರ್‌ಗೆ ಇಳೀತು, ಜನ ಫೋನ್ ತಗೊಂಡ್ರೆ ಅಂಗಡಿಯೋರೇ ಫೇಸ್‌ಬುಕ್ ಹಾಕಿ ಕೊಡ್ತಿದ್ರು, ಹಂಗಾಗಿ ಎಷ್ಟೋ ಜನಕ್ಕೆ ಇಂಟರ್ನೆಟ್ ಅಂದ್ರೇನೆ ಫೇಸ್‌ಬುಕ್. ಅದೇ ವರ್ಷ ಜುಲೈನಲ್ಲಿ ಮುಸ್ಲಿಂ ಅಂಗಡಿ ಮಾಲೀಕನೊಬ್ಬ ಅತ್ಯಾಚಾರ ಮಾಡಿದ ಅನ್ನೋ ಸುಳ್ಳು ಸುದ್ದಿನ ವಿರಾತು ಅನ್ನೋ ಭಿಕ್ಷು ಫೇಸ್‌ಬುಕ್‌ನಲ್ಲಿ ಹಂಚಿದ, ಮಂಡಲೆಯಲ್ಲಿ ಗಲಭೆ ಆಗಿ ಇಬ್ಬರು ಸತ್ರು. ಆ ವಿರಾತುನ ಫೇಸ್‌ಬುಕ್ ಹೊರಗೆ ಹಾಕಿದ್ದು 2018ರ ಜನವರಿಯಲ್ಲಿ!

ಇಷ್ಟು ತಡ ಯಾಕೆ? 2015ರ ಶುರುನಲ್ಲಿ ಫೇಸ್‌ಬುಕ್‌ಗೆ ಬಂದ ಕಂಪ್ಲೇಂಟ್ ನೋಡೋಕೆ ಅಲ್ಲಿನ ಬರ್ಮೀಸ್ ಭಾಷೆ ಗೊತ್ತಿದ್ದೋರು ಇದ್ದಿದ್ದು ಇಬ್ಬರೇ ಅಂತ ರಾಯಿಟರ್ಸ್ ಸುದ್ದಿಸಂಸ್ಥೆ ಬರೆದಿತ್ತು. ಮೇಲಿಂದ ಅಲ್ಲಿನ ಜನ ಟೈಪ್ ಮಾಡ್ತಿದ್ದಿದ್ದು ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಯೂನಿಕೋಡ್ ಅಲ್ಲದ ಝಾಜಿ ಅನ್ನೋ ಫಾಂಟಲ್ಲಿ (ಹಳೇ ನುಡಿ ಫೈಲ್ ಬೇರೆ ಕಂಪ್ಯೂಟರಲ್ಲಿ ತೆಗೆದು ಒದ್ದಾಡಿದೋರಿಗೆ ಈ ಕಷ್ಟ ಗೊತ್ತು), ಅದನ್ನ ಓದೋಕೆ ಸಾಫ್ಟ್‌ವೇರ್ ಕೂಡ ಪರದಾಡ್ತಿತ್ತು.

ನನ್ನ ಪ್ರಕಾರ ದೊಡ್ಡ ತಪ್ಪು ಇದೂ ಅಲ್ಲ. ಯಾವ ಪೋಸ್ಟ್‌ಗೆ ಕಾಮೆಂಟು ಶೇರು ಜಾಸ್ತಿ ಬರುತ್ತೋ ಅದನ್ನೇ ಇನ್ನಷ್ಟು ಜನಕ್ಕೆ ತೋರಿಸೋ ಥರ ಫೀಡ್ ಕಟ್ಟಿದ್ರು, 2017ರಲ್ಲಂತೂ ಕೋಪದ ಎಮೋಜಿಗೆ ಒಂದು ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿದ್ರು. ಜನರನ್ನ ರೊಚ್ಚಿಗೆಬ್ಬಿಸೋ ಮಾತೇ ಮೇಲೆ ಬರುತ್ತೆ ಅಂತಾದ್ರೆ ಅದನ್ನ ಬರೆಯೋನು ಒಬ್ಬ ಹೋದ್ರೆ ಇನ್ನೊಬ್ಬ ಬಂದೇ ಬರ್ತಾನೆ.

ಬ್ಯಾನ್‌ನಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ರೆಡಿಟ್ ಅನ್ನೋ ಚರ್ಚಾ ತಾಣ 2015ರಲ್ಲಿ ಎರಡು ದ್ವೇಷದ ಗುಂಪು ಮುಚ್ಚಿದಾಗ ಅಲ್ಲೇ ಉಳಿದೋರ ದ್ವೇಷದ ಮಾತು ಕಡೇಪಕ್ಷ 80% ಕಮ್ಮಿ ಆಯ್ತು ಅಂತ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ವಿರಾತುನೂ ಸೇನೆಯ ಪೇಜುಗಳನ್ನೂ 2014ರಲ್ಲೇ ತೆಗೆದಿದ್ರೆ ಎಷ್ಟೋ ವ್ಯತ್ಯಾಸ ಆಗ್ತಿತ್ತು ಅಂತಾನೇ ನಂಬ್ತೀನಿ. ಆದ್ರೆ ಮುಂದೆ ಏನಾಯ್ತು ನೋಡಿ. 2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಿತ್ಕೊಳ್ತು, ತಿಂಗಳ ಕೊನೆಗೆ ಫೇಸ್‌ಬುಕ್ ಇಡೀ ಸೇನೆನೇ ಬ್ಯಾನ್ ಮಾಡ್ತು, ಬೆಂಬಲಿಗರು ಟೆಲಿಗ್ರಾಮ್‌ಗೆ ಹೋಗಿ ವಿರೋಧಿಗಳ ಹೆಸರು ವಿಳಾಸ ಹಾಕೋಕೆ ಶುರುಮಾಡಿದ್ರು. ಇತ್ತ ಮಾರ್ಚ್‌ನಲ್ಲಿ ಗ್ಲೋಬಲ್ ವಿಟ್ನೆಸ್ ಅನ್ನೋ ತನಿಖಾ ಸಂಸ್ಥೆಯೋರು ಫೇಸ್‌ಬುಕ್‌ನಲ್ಲಿ ಹೊಸ ಅಕೌಂಟ್ ಮಾಡಿ ಸೇನೆ ಅಭಿಮಾನಿಗಳ ಒಂದು ಪೇಜ್ ಲೈಕ್ ಮಾಡಿದ್ರೆ, ಇವನ್ನೂ ನೋಡಿ ಅಂತ ಫೇಸ್‌ಬುಕ್ಕೇ ತೋರಿಸಿದ ಮೊದಲ 5 ಪೇಜಲ್ಲಿ 3ರಲ್ಲಿ ಅದರದ್ದೇ ರೂಲ್ಸ್ ಮುರಿಯೋ ಪೋಸ್ಟ್‌ಗಳಿದ್ವು. ಬ್ಯಾನ್ ಆಗಿದ್ದು ಸೇನೆ, ಅದರ ಪರ ಪ್ರಚಾರ ಹಂಚೋ ಕೆಲಸ ಕಂಪನಿಯ ಸಾಫ್ಟ್‌ವೇರೇ ಮುಂದುವರಿಸ್ತಿತ್ತು.

ಬಾಂಗ್ಲಾದೇಶದ ಕ್ಯಾಂಪ್‌ನಲ್ಲಿರೋ ರೊಹಿಂಗ್ಯಾ ಯುವಕರು ಆದ ಹಾನಿಗೆ ಪರಿಹಾರವಾಗಿ ಮಕ್ಕಳ ಓದಿಗೆ 10 ಲಕ್ಷ ಡಾಲರ್ ಕೊಡಿ ಅಂತ ಕಂಪನಿನ ಕೇಳಿದ್ರು. ನಾವು ನೇರವಾಗಿ ದಾನಧರ್ಮದ ಕೆಲಸ ಮಾಡಲ್ಲ ಅಂತ ಉತ್ತರ ಬಂತು. ಅವರು ಕೇಳಿದ್ದು ದಾನ ಅಲ್ಲವೇ ಅಲ್ಲ.